ನವಿಲು ಬಣ್ಣದ ಸೀರೆ ಯಾರ ಮೈಮೇಲಿತ್ತು?

"ಟ್ರಂಕ್ ಕೆಳಗಿಡಿ ಕೊಟ್ರಪ್ಪನೋರೆ."

"ಇಡಂಗಿಲ್ಲ. ಎರಡೂವರೆ ಬಸ್ಸಿಗೆ ಹೊಂಟೀವಿ. ನನ್ ಮಗಳು, ನನ್ ಟ್ರಂಕು. ಕೇಳಾಕೆ ನೀವ್ಯಾರ್ರೀ?"

"ನಾನು ಗಿರಿಜಾದೇವಿ, ಈ ಹಾಸ್ಟೆಲಿನ ಸಹಾಯಕ ವಾರ್ಡನ್. ಮಗಳು ನಿಮ್ಮೋಳು, ಟ್ರಂಕು ನಿಮ್ದು, ಒಪ್ಕೊಂಡೆ. ಮೆಟ್ಟಿಲು ಮಾತ್ರ ನಮ್ದು. ಕಬ್ಬಿಣದ ಟ್ರಂಕನ್ನ ಹಂಗೆ ದರದರ ಎಳೀಬೇಡಿ, ಮೊನ್ನೆ ತಾನೇ ರೆಡ್ ಆಕ್ಸೈಡ್ ಹಾಕ್ಸಿದೀವಿ."

ರೆಡ್ ಆಕ್ಸೈಡ್ ಹಾಕಿಸಿ ಹದಿಮೂರು ವರ್ಷವಾಗಿತ್ತು. ಆದರೆ ಕೋಪದಲ್ಲಿರುವವರ ಜೊತೆ ದೊಡ್ಡ ವಿಷಯಕ್ಕೆ ಜಗಳ ತೆಗೆಯಬಾರದು. ಅವರು ಸುಲಭವಾಗಿ ಒಪ್ಪುವಂಥ ಚಿಕ್ಕದೊಂದನ್ನು ಮೊದಲು ಮುಂದಿಡಬೇಕು. ಕೊಟ್ರಪ್ಪನವರು ಮೆಟ್ಟಿಲು ನೋಡಿದರು, ಟ್ರಂಕು ನೋಡಿದರು, ಆಮೇಲೆ ಮೆಲ್ಲಗೆ ಕೆಳಗಿಟ್ಟರು.

"ಈಗ ಕೂತ್ಕೊಳ್ಳಿ. ಕಾಫಿ ಬರುತ್ತೆ."

"ಕಾಫಿ ಬ್ಯಾಡ."

"ನಿಮಗಲ್ಲ, ನನಗೆ. ಬೆಳಿಗ್ಗೆಯಿಂದ ಕುಡಿದಿಲ್ಲ. ನಾನೊಬ್ಬಳೇ ಕುಡಿದ್ರೆ ಚೆನ್ನಾಗಿರಲ್ಲ, ಅದಕ್ಕೆ ನೀವೂ ಕುಡೀತೀರಿ."

ಕುಡಿದರು. ಜಯನಗರ ಐದನೇ ಬ್ಲಾಕಿನ ನಮ್ಮ ವಿದ್ಯಾರ್ಥಿನಿ ನಿಲಯದಲ್ಲಿ ನಲವತ್ತೆರಡು ಹುಡುಗಿಯರಿದ್ದಾರೆ. ಎರಡು ವರ್ಷದಿಂದ ಅವರನ್ನು ಸಂಭಾಳಿಸಿದವಳಿಗೆ ಒಬ್ಬ ಅಪ್ಪ ಯಾವ ಲೆಕ್ಕ? ಇಸ್ತ್ರಿ ಪೆಟ್ಟಿಗೆ ಹಾಕಿ ಫ್ಯೂಸು ಸುಡುವವಳು, ಬಚ್ಚಲಲ್ಲಿ ಚಿಲಕ ಸಿಕ್ಕಿಕೊಂಡು ಕಿರುಚುವವಳು, ಊರು ನೆನೆದು ಮೂರು ದಿನ ಊಟ ಬಿಡುವವಳು, ಸೋಪು ಕಳೆದದ್ದಕ್ಕೆ ಪಕ್ಕದ ಮಂಚದವಳ ಮೇಲೆ ಗುಮಾನಿ ಪಡುವವಳು, ದಿನಕ್ಕೊಂದು ರಾಮಾಯಣ. ಎಲ್ಲವನ್ನೂ ನಾನು ಒಂದು ಉದ್ದನೆಯ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುತ್ತೇನೆ. ಇದಕ್ಕೆ ಪ್ರತಿಯಾಗಿ ನನಗೆ ಒಂದು ರೂಮು, ಎರಡು ಹೊತ್ತಿನ ಊಟ. ಸಂಜೆ ಲಾ ಕಾಲೇಜಿಗೆ ಹೋಗುತ್ತೇನೆ. ಈ ರೂಮು ಹೋದರೆ ಲಾ ಕಾಲೇಜೂ ಹೋಯಿತು ಅಂತಲೇ ಲೆಕ್ಕ.

ಕೊಟ್ರಪ್ಪನವರ ಮಗಳು ಸರ್ವಮಂಗಳ ಹದಿನಾಲ್ಕನೇ ರೂಮಿನವಳು, ಬಿ.ಎಸ್ಸಿ. ಕೊನೆಯ ವರ್ಷ. ಪರೀಕ್ಷೆಗೆ ಇನ್ನು ಮೂರು ವಾರ. ಆದರೆ ಆ ಸೋಮವಾರ ಬೆಳಿಗ್ಗೆ ಅಪ್ಪ ಹರಿಹರದಿಂದ ಜೇಬಿನಲ್ಲೊಂದು ಅನಾಮಧೇಯ ಕಾಗದ ಇಟ್ಟುಕೊಂಡು ಬಂದಿಳಿದಿದ್ದರು. ಪರೀಕ್ಷೆ ಬೇಡ, ಓದು ಸಾಕು, ಯುಗಾದಿ ಕಳೆದ ಕೂಡಲೇ ಸೋದರಮಾವನಿಗೆ ಕೊಟ್ಟು ಮದುವೆ. ಮಂಗಳ ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಮೊದಲು ಬರುವ ಹುಡುಗಿ ಅದು.

"ಆ ಕಾಗದ ಕೊಡಿ."

"ಅದ್ರಾಗೇನು ನೋಡ್ತೀರಿ? ಹೊಲಸು."

"ಹೊಲಸು ಗುಡಿಸೋದೇ ನನ್ನ ಕೆಲಸ. ಕೊಡಿ."

ಕಾಗದ ಟೈಪು ಮಾಡಿಸಿದ್ದು. ಜಯನಗರದ ಶಾಪಿಂಗ್ ಕಾಂಪ್ಲೆಕ್ಸ್ ಹತ್ತಿರ ಅರ್ಜಿ ಟೈಪು ಮಾಡಿಕೊಡುವವರ ಬಳಿ ಮಾಡಿಸಿದಂತಿತ್ತು, "ಮಾನ್ಯರೇ" ಅಂತ ಶುರು, "ತಮ್ಮ ಹಿತೈಷಿ" ಅಂತ ಕೊನೆ. ನಡುವೆ ಹೀಗಿತ್ತು:

"ದಿನಾಂಕ ಎಂಟನೇ ಮಾರ್ಚ್ ಭಾನುವಾರ ಸಾಯಂಕಾಲ ಸುಮಾರು ಐದು ಗಂಟೆಗೆ ತಮ್ಮ ಮಗಳು ಬನಶಂಕರಿ ದೇವಸ್ಥಾನದ ಮುಂದಿನ ರಸ್ತೆಯಲ್ಲಿ ಒಬ್ಬ ಪುರುಷನ ಸ್ಕೂಟರಿನ ಹಿಂದೆ ಕುಳಿತು ಕೋಣನಕುಂಟೆ ಕಡೆಗೆ ಹೋದುದನ್ನು ಕಣ್ಣಾರೆ ಕಂಡಿದ್ದೇನೆ. ನವಿಲು ಬಣ್ಣದ ಸೀರೆ, ಮೂರು ಬೆರಳಗಲದ ಸಾಸಿವೆ ಬಣ್ಣದ ಅಂಚು, ಅಂಚಿನಲ್ಲಿ ಕೆಂಪು ಗೀರು, ಸೆರಗಿನಲ್ಲಿ ಐದು ಪಟ್ಟೆ."

ಎರಡು ಸಲ ಓದಿದೆ. ಆಮೇಲೆ ಲಕೋಟೆ ತಿರುಗಿಸಿ ನೋಡಿದೆ. ಎದೆಯೊಳಗೆ ಒಂದು ಸಣ್ಣ ಖುಷಿ ಎದ್ದಿತು. ಇದು ಆಗುವ ಕೆಲಸ ಅನ್ನಿಸಿತು.

"ಸೀರೆ ನಿಮ್ಮ ಜವಳಿ ಅಂಗಡೀದೇನಾ?"

"ಮತ್ತೆ? ಮಗ್ಗದೋನು ಅದೊಂದೇ ಪೀಸ್ ನೇಯ್ದು ಕೊಟ್ಟಿದ್ದು. ನಾನೇ ಕೈಯಾರೆ ಕೊಟ್ಟೀನಿ. ಬೆಂಗ್ಳೂರಾಗೆ ಅಂಥದ್ದು ಇನ್ನೊಂದು ಇರಾಕೆ ಸಾಧ್ಯ ಇಲ್ಲ. ಅದಕ್ಕೇ ಬಂದಿದ್ದು ನಾನು. ಬರೇ ಮಾತಾಗಿದ್ರೆ ಹರಿದು ಹಾಕ್ತಿದ್ದೆ."

"ಮಂಗಳಾ, ಆ ಭಾನುವಾರ ಎಲ್ಲಿದ್ದೆ?"

"ರೂಮಲ್ಲೇ ಅಕ್ಕಾ. ತಲೆನೋವು, ಮಲ್ಗಿದ್ದೆ. ಎಲ್ರೂ ಮ್ಯಾಟಿನಿಗೆ ಹೋಗಿದ್ರು. ಯಾರೂ ನೋಡಿಲ್ಲ ನನ್ನ."

ಗೇಟು ಕಾಯುವ ಬೋರಯ್ಯನ ಪುಸ್ತಕದಲ್ಲಿ ಆವತ್ತು ಮಂಗಳ ಹೊರಗೆ ಹೋದ ಸಹಿ ಇರಲಿಲ್ಲ. ಹೇಳಿದರೆ ಕೊಟ್ರಪ್ಪನವರು ನಕ್ಕುಬಿಟ್ಟರು. "ಸ್ಕೂಟರ್ ಹತ್ತಿ ಹೋಗೋಳು ಸಹಿ ಹಾಕಿ ಹೋಗ್ತಾಳೇನ್ರೀ?" ನಾನು ಪುಸ್ತಕ ಮುಚ್ಚಿದೆ.

ವಾರ್ಡನ್ ಕಮಲಾದೇವಿಯವರು ಆಗ ಕೋಣೆಯಿಂದ ಹೊರಗೆ ಬಂದರು. ಹಿಂದೆ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಹಣೆಗೆ ವಿಭೂತಿ, ಬಿಳಿ ವಾಯಿಲ್ ಸೀರೆ, ನಡಿಗೆಯಲ್ಲಿ ಸದ್ದಿಲ್ಲ. ಕೈಗೆ ಸಿಕ್ಕ ಕಾಗದವನ್ನೆಲ್ಲ ಸೀರೆಯ ನೆರಿಗೆಯ ಹಾಗೆ ಮಡಿಚುತ್ತಾ ಮಾತಾಡುವುದು ಅವರ ಅಭ್ಯಾಸ. ಈಗ ಕೊಟ್ರಪ್ಪನವರ ವಿಸಿಟರ್ ಚೀಟಿಗೆ ಆ ಗತಿ ಬಂದಿತ್ತು.

"ಗಿರಿಜಾ, ಸುಮ್ನೆ ಎಳೀಬೇಡ. ತಂದೆ ಕರ್ಕೊಂಡು ಹೋಗ್ತೀನಿ ಅಂತಾರೆ, ಹೋಗ್ಲಿ ಬಿಡು. ಹಾಸ್ಟೆಲ್ ಹೆಸರು ಬೀದೀಗೆ ಬೀಳೋದು ಬೇಡ."

"ಹನ್ನೆರಡು ಗಂಟೆವರೆಗೂ ಟೈಮ್ ಕೊಡಿ ಮೇಡಂ. ಇದನ್ನ ಬರೆದೋರು ಯಾರು ಅಂತ ನನಗೆ ಮುಕ್ಕಾಲು ಪಾಲು ಗೊತ್ತಾಗಿದೆ."

ಅವರ ಬೆರಳು ಒಂದು ಗಳಿಗೆ ನಿಂತಿತು. "ಯಾರು?"

"ಮಿಕ್ಕ ಕಾಲು ಪಾಲು ಆದ್ಮೇಲೆ ಹೇಳ್ತೀನಿ."

ಕೊಟ್ರಪ್ಪನವರನ್ನು ಕರೆದುಕೊಂಡು ವಾಚನಾಲಯಕ್ಕೆ ಹೋದೆ. ಲಕೋಟೆ ಅವರ ಮುಂದಿಟ್ಟೆ.

"ಇದು ನಿಮಗೆ ನೇರವಾಗಿ ಬಂದಿಲ್ಲ. ವಿಳಾಸ ದಾವಣಗೆರೆದು. ಹೊಡೆದು ಹಾಕಿ ಹರಿಹರ ಅಂತ ಬರೆದಿದಾರೆ ಅಂಚೆಯೋರು."

"ಹೌದ್ರೀ. ದಾವಣಗೆರೆ ಅಂಗಡಿ ಬಿಟ್ಟು ಎರಡು ವರ್ಷ ಆತು."

"ಮಂಗಳನ ಗೆಳತೀರಿಗೆಲ್ಲ ಅವಳು ಹರಿಹರದೋಳು ಅಂತ್ಲೇ ಗೊತ್ತು. ರಜಾಕ್ಕೆ ಅಲ್ಲಿಗೇ ಕಾಗದ ಬರೀತಾರೆ. ದಾವಣಗೆರೆ ವಿಳಾಸ ಇರೋದು ಒಂದೇ ಕಡೆ, ಮೂರು ವರ್ಷದ ಹಿಂದಿನ ಅಡ್ಮಿಷನ್ ರಿಜಿಸ್ಟರಿನಲ್ಲಿ. ಅದು ಆಫೀಸಿನ ಬೀರುವಿನಲ್ಲಿದೆ. ಬೀಗದ ಕೈ ಇರೋದು ಇಬ್ಬರ ಹತ್ರ. ಒಬ್ಬರು ವಾರ್ಡನ್, ಇನ್ನೊಬ್ಬರು ಕ್ಲರ್ಕ್ ಚನ್ನಬಸವಯ್ಯ."

"ಹಂಗಾದ್ರೆ?"

"ಇನ್ನೊಂದಿದೆ ಕೇಳಿ. ಸೀರೆ ಬಗ್ಗೆ ಇಷ್ಟುದ್ದ ಬರೆದಿದಾರೆ, ಗೀರು ಎಣಿಸಿದಾರೆ, ಪಟ್ಟೆ ಎಣಿಸಿದಾರೆ. ಮುಖ ನೋಡಿದೆ ಅಂತ ಎಲ್ಲಾದ್ರೂ ಇದೆಯಾ? ಓದಿ."

ಅವರು ಬೆರಳಿಟ್ಟು ಓದಿದರು. ಇರಲಿಲ್ಲ.

"ಇಲ್ಲಿರೋ ಯಾವ ಹುಡುಗೀನೂ ಸೀರೆ ನೋಡಿ ಆಳು ಗುರುತು ಹಿಡಿಯಲ್ಲ. ಯಾಕೆ ಅಂದ್ರೆ ಈ ಹಾಸ್ಟೆಲ್‌ನಲ್ಲಿ ಸೀರೆ ಒಂದು ಕಡೆ ನಿಲ್ಲೋದೇ ಇಲ್ಲ. ಸೋಮವಾರ ಇವಳ ಮೈಮೇಲೆ, ಬುಧವಾರ ಅವಳ ಮೈಮೇಲೆ. ವಾರ್ಡನ್‌ಗೆ ಅದು ಗೊತ್ತು, ಇದನ್ನ ಬರೆದೋರಿಗೆ ಗೊತ್ತಿಲ್ಲ. ಸೀರೆನೇ ಹುಡುಗಿ ಅಂದ್ಕೊಂಡಿದಾರೆ."

"ಬಾಯ್ ಮಾತಿಗೆ ನಾ ಒಪ್ಪಂಗಿಲ್ರೀ."

"ಬಾಯ್ ಮಾತು ಬೇಡ. ಹನ್ನೊಂದಕ್ಕೆ ಟಪಾಲು ಕೊಡ್ತಾರೆ. ಈ ಪರದೆ ಹಿಂದೆ ಕೂತ್ಕೊಂಡು ನೋಡಿ. ಒಂದೇ ಷರತ್ತು, ಕೆಮ್ಮಬಾರದು."

ಕೊನೆಯ ವರ್ಷದವರಿಗೆ ಓದುವ ರಜ. ಹಾಗಾಗಿ ಮಂಗಳನ ಜೊತೆ ಅವಳ ರೂಮಿನ ಈಶ್ವರಮ್ಮನೂ ಇದ್ದಳು. ಇಬ್ಬರನ್ನೂ ಇಸ್ತ್ರಿ ಕೋಣೆಗೆ ಕರೆದು ಸೀರೆ ಬದಲಾಯಿಸಿಕೊಳ್ಳಲು ಹೇಳಿದೆ. ನವಿಲು ಬಣ್ಣದ ಸೀರೆ ಈಶ್ವರಮ್ಮನಿಗೆ, ಅವಳ ಚುಕ್ಕೆ ಚುಕ್ಕೆಯ ಹಳದಿ ವಾಯಿಲ್ ಮಂಗಳನಿಗೆ. ಈಶ್ವರಮ್ಮ ಕುಳ್ಳಿ, ಕಪ್ಪು, ದುಂಡು. ಮಂಗಳ ಉದ್ದ, ಬೆಳ್ಳಗೆ, ಕಡ್ಡಿ. ಕುರುಡರೂ ಇವರನ್ನು ಅದಲುಬದಲು ಮಾಡಲಾರರು.

"ಬಾಯಿ ಬಿಡಬೇಡಿ. ಕಿಟಕಿ ಹತ್ರ ಹೋಗಿ ನಿಲ್ಲಿ, ಕೈ ಚಾಚಿ. ಅಷ್ಟೇ."

"ನಗು ಬಂದ್ರೆ ಅಕ್ಕಾ?" ಅಂದಳು ಈಶ್ವರಮ್ಮ.

"ಬಂದ್ರೆ ಒಂದು ವಾರ ಬಚ್ಚಲ ಡ್ಯೂಟಿ ನಿಂದೇ."

ಟಪಾಲಿನ ಕಿಟಕಿ ಸೊಂಟದೆತ್ತರಕ್ಕಿದೆ. ಒಳಗಡೆ ಚನ್ನಬಸವಯ್ಯನವರು ಮೇಜಿಗೆ ಬಾಗಿ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಶ್ರೀನಗರದಿಂದ ಬಸ್ಸಿನಲ್ಲಿ ಬರುತ್ತಾರೆ, ಕೆಲಸಕ್ಕೆ ಸೇರಿ ಎಂಟು ತಿಂಗಳು. ಒಂದು ದಿನ ತಡವಾಗಿ ಬಂದವರಲ್ಲ. ನಾನು, ಕೊಟ್ರಪ್ಪನವರು ಪಕ್ಕದ ವಾಚನಾಲಯದ ಪರದೆ ಸರಿಸಿ ನೋಡುತ್ತಿದ್ದೆವು. ಅಲ್ಲಿಂದ ಕಿಟಕಿಗೆ ನಾಲ್ಕು ಮಾರು ದೂರ ಅಷ್ಟೇ.

ಈಶ್ವರಮ್ಮ ಹೋಗಿ ನಿಂತಳು. ಅವರ ಕಣ್ಣು ಅವಳ ನೆರಿಗೆಯವರೆಗೆ ಏರಿ ಅಲ್ಲೇ ನಿಂತಿತು.

"ಸರ್ವಮಂಗಳಾ, ನಿನಗೇನೂ ಬಂದಿಲ್ಲಮ್ಮ," ಅಂದರು. ಆಮೇಲೆ, "ತಂದೆ ಹೇಳಿದ ಹಾಗೆ ಕೇಳು. ನಿನ್ನ ಒಳ್ಳೇದಕ್ಕೇ" ಅಂತ ಸೇರಿಸಿದರು.

ಈಶ್ವರಮ್ಮ ಜಾಗ ಬಿಟ್ಟಳು. ಮಂಗಳ ಹೋಗಿ ನಿಂತಳು. ಹಳದಿ ವಾಯಿಲ್, ಚಾಚಿದ ಕೈ.

"ಈಶ್ವರಮ್ಮ, ಊರಿಂದ ಇನ್‌ಲ್ಯಾಂಡ್ ಬಂದಿದೆ. ತಗೋ."

"ಏ, ಅದು ನಮ್ ಹುಡ್ಗಿ!" ಕೊಟ್ರಪ್ಪನವರು ಪರದೆ ಕಿತ್ತುಕೊಂಡೇ ಒಳಗೆ ನುಗ್ಗಿದರು. "ಏನ್ರೀ ಅಯ್ಯನೋರೆ, ಕಣ್ ಕಾಣ್ತಾವೋ ಇಲ್ಲೋ? ಅಕಿ ನನ್ ಮಗಳು ಮಂಗಳ!"

ಚನ್ನಬಸವಯ್ಯನವರು ಗಾಬರಿಯಾಗಿ ತಲೆ ಎತ್ತಿದರು. ಎಂಟು ತಿಂಗಳಲ್ಲಿ ಅದೇ ಮೊದಲ ಸಲ ಇರಬೇಕು.

ನಾನು ಆಫೀಸಿನ ಬಾಗಿಲು ಮುಂದೆ ಮಾಡಿದೆ. ಹುಡುಗಿಯರನ್ನು ಹೊರಗೆ ಕಳಿಸಿದೆ. ಕೊಟ್ರಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿದೆ. ಚನ್ನಬಸವಯ್ಯನವರ ಎದುರಿಗಲ್ಲ, ಪಕ್ಕದಲ್ಲಿ ಕೂತೆ. ಎದುರಿಗೆ ಕೂತರೆ ಜನ ವಾದ ಮಾಡುತ್ತಾರೆ.

"ಚನ್ನಬಸವಯ್ಯನೋರೆ, ನೀವು ಹುಡುಗೀರ ಮುಖ ನೋಡೇ ಇಲ್ಲ, ಅಲ್ವಾ?"

"ಇಲ್ಲ."

"ಒಬ್ಬಳದೂ?"

"ಸೇರಿದ ದಿನ ಕಮಿಟಿಯೋರು ಒಂದೇ ಮಾತು ಹೇಳಿದ್ರು ಗಿರಿಜಮ್ನೋರೆ. ಹೆಣ್ಮಕ್ಕಳ ಹಾಸ್ಟೆಲ್ಲು, ತಲೆ ತಗ್ಗಿಸಿ ಕೆಲಸ ಮಾಡಿ ಅಂತ. ತಗ್ಗಿಸ್ದೆ. ಆದ್ರೆ ಕೆಲಸ ಆಗ್ಬೇಕಲ್ಲ? ಯಾರು ಯಾರು ಅಂತ ಗೊತ್ತಾಗ್ಬೇಕಲ್ಲ? ಸೀರೆ ಅಂಚು ನೋಡಿ ಗುರುತಿಟ್ಕೊಂಡೆ. ನಲವತ್ತೆರಡೂ ಬಾಯಿಪಾಠ."

"ಅದಕ್ಕೇ ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗ್ತಿತ್ತು. ನನ್ನ ಪುಸ್ತಕದಲ್ಲಿ ಈ ವರ್ಷ ಹನ್ನೊಂದು ಸಲ ಬರೆದಿದೀನಿ. ಅವರವರೇ ಬದಲಾಯಿಸ್ಕೋತಿದ್ರು ಅಂತ ನಾನು ಸುಮ್ನಿದ್ದೆ." ಹೇಳುವಾಗ ನನ್ನ ಮೇಲೇ ನನಗೆ ಸಿಟ್ಟು ಬಂತು. ಹನ್ನೊಂದು ಸಲ ಬರೆದವಳು ಒಂದು ಸಲ ಯೋಚನೆ ಮಾಡಬಾರದಿತ್ತೇ? "ಇದು ನೀವು ಬರೆಸಿದ್ದು ತಾನೇ?"

ಕಾಗದ ನೋಡಿದರು. ಸುಳ್ಳು ಹೇಳುವ ಮನುಷ್ಯನಲ್ಲ ಅದು.

"ನಾನೇ. ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚೋಕೆ ಮನೆಯೋಳ ಜೊತೆ ಬನಶಂಕರಿಗೆ ಹೋಗಿದ್ದೆ. ಹೊರಗೆ ನಿಂತಿದ್ದಾಗ ಸ್ಕೂಟರ್ ಹೋಯ್ತು. ಸೀರೆ ನೋಡ್ದೆ, ಎದೆ ಧಸಕ್ ಅಂತು. ನನಗೂ ಎರಡು ಹೆಣ್ಮಕ್ಕಳಿದಾವೆ. ನನ್ನ ಮಗಳು ಹಂಗೆ ಹೋದ್ರೆ ಯಾರಾದ್ರೂ ನನಗೆ ಹೇಳ್ಲಿ ಅಂತ ಅನ್ಸಲ್ವಾ? ತಪ್ಪಾ ಅದು?"

ಕೊಟ್ರಪ್ಪನವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಹೆಸರು ಹಾಕಿ ಬರೀಬಹುದಿತ್ತು," ಅಂದೆ. "ಇಲ್ಲಾ ನಮ್ಮ ಹತ್ರ ಹೇಳಬಹುದಿತ್ತು."

"ಹೇಳ್ದೆನಲ್ಲ! ಮಾರನೇ ದಿನ ಬೆಳಿಗ್ಗೇನೇ ವಾರ್ಡನ್ ಮೇಡಂಗೆ ಹೇಳ್ದೆ. ನಾನು ನೋಡ್ಕೋತೀನಿ, ನೀವು ಯಾರ ಮುಂದೇನೂ ಬಾಯಿ ಬಿಡಬೇಡಿ ಅಂದ್ರು. ಎರಡು ದಿನ ಕಾದೆ. ಏನೂ ಆಗ್ಲಿಲ್ಲ. ಆಮೇಲೆ ಬರೆಸ್ದೆ."

ಮೇಡಂಗೆ ಗೊತ್ತಿತ್ತು. ಒಂದು ವಾರದಿಂದ ಗೊತ್ತಿತ್ತು. ಸೋಪು ಕಳೆದರೂ ನನ್ನನ್ನು ಕರೆದು ಹೇಳುವವರು ಇಷ್ಟು ದೊಡ್ಡ ಮಾತನ್ನು ನನಗೆ ಹೇಳಿರಲಿಲ್ಲ. ಅದನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟುಕೊಂಡೆ. ಮೊದಲು ಮಂಗಳನ ಕೆಲಸ ಆಗಬೇಕಿತ್ತು.

"ನೋಡಿದ್ರಾ ಕೊಟ್ರಪ್ಪನೋರೆ? ಇವರು ನೋಡಿದ್ದು ಸೀರೆ. ನಿಮ್ಮ ಮಗಳನ್ನಲ್ಲ."

ಅವರು ಸುಲಭದ ಆಸಾಮಿಯಲ್ಲ. ಮೂವತ್ತು ವರ್ಷ ಬಟ್ಟೆ ಅಳೆದವರು.

"ಸರಿ. ಇವ್ರು ಮುಖ ನೋಡಿಲ್ಲ, ಒಪ್ಪಿದೆ. ಹಂಗಂತ ಅಕಿ ನನ್ ಮಗಳಲ್ಲ ಅಂತ ಹೆಂಗಾತು? ಸೀರೆ ನನ್ ಮಗಳದು. ಉಟ್ಟಾಕಿ ಇನ್ನೊಬ್ಬಾಕಿ ಅಂದ್ರೆ ಯಾರು? ಹೆಸರು ಹೇಳ್ರಿ. ಹೆಸರು ಸಿಕ್ಕರೆ ಟ್ರಂಕು ಮ್ಯಾಲೆ. ಸಿಗಲಿಲ್ಲ ಅಂದ್ರೆ ಎರಡೂವರೆ ಬಸ್ಸು."

"ಹೆಸರು ಕೊಡ್ತೀನಿ. ಬನ್ನಿ."

ಎಷ್ಟು ಧೈರ್ಯದಿಂದ ಅಂದೆ ಅಂತ ಈಗ ನೆನೆದರೆ ಮೈ ಉರಿಯುತ್ತದೆ.

ಆ ಧೈರ್ಯಕ್ಕೆ ಕಾರಣವೂ ಇತ್ತು. ಹೋದ ವರ್ಷ ಸೀರೆ ಜಗಳ ವಿಪರೀತಕ್ಕೆ ಹೋದಾಗ ನಾನೊಂದು ಕಟ್ಟಳೆ ಮಾಡಿದ್ದೆ. ಇಸ್ತ್ರಿ ಕೋಣೆಯಿಂದ ಯಾರ ಸೀರೆ ತೆಗೆದರೂ ಒಂದು ಚೀಟಿ ಬರೆದು ಅಲ್ಲಿರುವ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ದಿನಾಂಕ, ಸೀರೆ, ಯಾರದು, ಯಾರು ತೆಗೆದದ್ದು. ಮುಚ್ಚಳಕ್ಕೆ ಸೀಳು ಹೊಡೆಸಿ ಬೀಗ ಹಾಕಿದ್ದೆ. ಬೀಗದ ಕೈ ನನ್ನ ಸೊಂಟದಲ್ಲಿ. ತಿಂಗಳ ಕೊನೆಗೆ ತೆಗೆದು, ಹರಿದಿದ್ದರೆ ಹೊಲಿಸಿ, ಕಲೆಯಾಗಿದ್ದರೆ ಒಗೆಸಿ ಮುಗಿಸುತ್ತಿದ್ದೆ. ಚೀಟಿ ಹಾಕದೆ ಸೀರೆ ಮುಟ್ಟುವ ಗಂಡೆದೆ ಯಾರಿಗೂ ಇರಲಿಲ್ಲ. ಚೀಟಿ ಇಲ್ಲದಿದ್ದರೆ ನಲವತ್ತೆರಡು ಜನರನ್ನೂ ನಿಲ್ಲಿಸಿ ವಿಚಾರಣೆ, ಅದು ಎಲ್ಲರಿಗೂ ಗೊತ್ತು.

ಮೊದಲು ನನ್ನ ಪುಸ್ತಕ ತೆಗೆದು ಕೊಟ್ರಪ್ಪನವರಿಗೆ ತೋರಿಸಿದೆ. "ಮಾರ್ಚ್ ಒಂಬತ್ತು, ಸೋಮವಾರ. ಓದಿ."

ಅವರು ಓದಿದರು. "ಹದಿನಾಲ್ಕನೇ ರೂಮಿನ ಸರ್ವಮಂಗಳ. ಶನಿವಾರ ಇಸ್ತ್ರಿ ಕೋಣೆಯಲ್ಲಿಟ್ಟ ನವಿಲು ಬಣ್ಣದ ಸೀರೆ ಅಂಚಿನ ತುಂಬ ಹುಲ್ಲಿನ ಮುಳ್ಳು ಹತ್ತಿದೆ ಎಂದು ದೂರು. ತಿಂಗಳ ಕೊನೆಗೆ ಚೀಟಿ ನೋಡಿ ವಿಚಾರಿಸುವುದು."

"ಈ ಕಾಗದ ಹುಟ್ಟೋಕೆ ಮುಂಚೆ ಬರೆದಿದ್ದು ಇದು. ತಾನೇ ಉಟ್ಕೊಂಡು ಹೋದೋಳು ತಾನೇ ಬಂದು ದೂರು ಕೊಡ್ತಾಳಾ?"

ಅವರು ಬಾಗಿಲ ಹತ್ತಿರ ನಿಂತಿದ್ದ ಮಗಳ ಮುಖವನ್ನು ನೇರವಾಗಿ ನೋಡಿದರು. ಮಂಗಳ ತಲೆ ತಗ್ಗಿಸಲಿಲ್ಲ. ಭೇಷ್ ಅಂದುಕೊಂಡೆ.

ಡಬ್ಬಿ ಹಿಡಿದು ವಾರ್ಡನ್ ಕೋಣೆಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಚನ್ನಬಸವಯ್ಯನವರು ಕದದ ಹತ್ತಿರವೇ ನಿಂತರು.

"ಇದೇನೇ ಗಿರಿಜಾ, ಡಬ್ಬಿ ಗಿಬ್ಬಿ ಎಲ್ಲ?" ಅಂದರು ಕಮಲಾದೇವಿಯವರು. "ಕಾಗದ ಬರೆದೋರು ಸಿಕ್ಕರಲ್ಲ. ಸಾಲದಾ?"

"ಇವರಿಗೆ ಸಾಲದಂತೆ ಮೇಡಂ."

"ಇನ್ನೊಬ್ಬಳ ಮಾನ ತೆಗೆದು ಇವಳ ಮಾನ ಉಳಿಸ್ತೀಯಾ?"

ಆ ಮಾತು ನಾಟಿತು. ನಿಜವೇ. ಡಬ್ಬಿಯಲ್ಲಿ ಯಾರ ಹೆಸರು ಸಿಕ್ಕರೂ ಅವಳಿಗೂ ಒಬ್ಬ ಅಪ್ಪ, ಒಂದು ಟ್ರಂಕು. ಆದರೆ ತಾನು ಮಾಡದ ತಪ್ಪಿಗೆ ಮಂಗಳ ಯಾಕೆ ಹೋಗಬೇಕು? ಮಾಡಿದವಳನ್ನು ಆಮೇಲೆ ನಾನೇ ಕಾಪಾಡಿಕೊಂಡರಾಯಿತು, ಆ ಅಪ್ಪನಿಗೂ ಕಾಫಿ ಕುಡಿಸಿದರಾಯಿತು ಅಂದುಕೊಂಡು ಬೀಗ ತೆಗೆದೆ.

ಚೀಟಿಗಳನ್ನು ಮೇಜಿನ ಮೇಲೆ ಸುರಿದೆ. ಇಪ್ಪತ್ತೋ ಇಪ್ಪತ್ತೈದೋ ಇದ್ದವು. ಬಹುತೇಕ ಎರಡು ಮಡಿಕೆಯವು. ಕಪ್ಪು ಜಾರ್ಜೆಟ್, ಗುಲಾಬಿ ನೈಲೆಕ್ಸ್, ಮತ್ತೆ ಅದೇ ಕಪ್ಪು ಜಾರ್ಜೆಟ್. ಒಂದೊಂದೇ ಬಿಡಿಸಿ ಪಕ್ಕಕ್ಕಿಟ್ಟೆ. ಕೊಟ್ರಪ್ಪನವರು ಬಟ್ಟೆಯ ಹೆಸರುಗಳನ್ನು ತುಟಿಯಲ್ಲೇ ಓದುತ್ತಿದ್ದರು.

ಕೊನೆಗೆ ಒಂದು ಉಳಿಯಿತು. ಉದ್ದಕ್ಕೆ ನೆರಿಗೆ ನೆರಿಗೆಯಾಗಿ ಮಡಿಚಿದ, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಚೀಟಿ. ಬಿಡಿಸಲು ಉಗುರು ಬೇಕಾಯಿತು.

8-3-81. ನವಿಲು ಬಣ್ಣದ ಸೀರೆ. ರೂಮು 14. ತೆಗೆದುಕೊಂಡವರು: ಗಿರಿಜಾದೇವಿ, ಸಹಾಯಕ ವಾರ್ಡನ್.

ಇನ್ನೊಂದು ಸಲ ಓದಿದೆ. ಹೆಸರು ಬದಲಾಗಲಿಲ್ಲ.

ಅಕ್ಷರ ನನ್ನದಲ್ಲ, ಯಾರದೂ ಅನ್ನಿಸದ ಹಾಗೆ ಬಿಡಿಬಿಡಿಯಾಗಿ ಬರೆದದ್ದು. ಆ ಸೀರೆಯನ್ನು ನಾನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಎರಡರಿಂದ ರಾತ್ರಿ ಊಟದ ಹೊತ್ತಿನವರೆಗೆ ನಾನು ಹಾಸ್ಟೆಲಿನಲ್ಲೇ ಇರಲಿಲ್ಲ, ಲೈಬ್ರರಿಯಲ್ಲಿ ಒಬ್ಬಳೇ ಕೂತು ನೋಟ್ಸ್ ಬರೆಯುತ್ತಿದ್ದೆ. ಬೋರಯ್ಯನ ಪುಸ್ತಕದಲ್ಲಿ ನನ್ನ ಸಹಿ ಇದೆ. ಬರೆದವರಿಗೆ ಅದು ಗೊತ್ತಿತ್ತು. ಸಹಾಯಕ ವಾರ್ಡನ್ ಹೆಸರಿದ್ದರೆ ಯಾವ ಹುಡುಗಿಯೂ ಪ್ರಶ್ನೆ ಮಾಡುವುದಿಲ್ಲ ಅನ್ನುವುದೂ ಗೊತ್ತಿತ್ತು.

"ಯಾರ್ದು ಹೆಸರು? ಓದ್ರಿ," ಅಂದರು ಕೊಟ್ರಪ್ಪನವರು.

ಇದು ನಾನು ಬರೆದದ್ದಲ್ಲ ಅಂದರೆ? ಯಾರೋ ಸುಳ್ಳು ಚೀಟಿ ಹಾಕಿದ್ದಾರೆ, ಇನ್ನೆರಡು ದಿನ ಕೊಡಿ, ಹುಡುಕುತ್ತೇನೆ ಅಂದರೆ? ಎರಡು ದಿನ ಅವರು ಕೊಡುವುದಿಲ್ಲ. ಚೀಟಿ ಸುಳ್ಳು ಅಂದಮೇಲೆ ಪುಸ್ತಕವೂ ಸುಳ್ಳು, ಹಾಸ್ಟೆಲೂ ಸುಳ್ಳು ಅನ್ನುತ್ತಾರೆ. ಟ್ರಂಕು ಇನ್ನೂ ಮೆಟ್ಟಿಲ ಹತ್ತಿರವೇ ಇತ್ತು. ಮಂಗಳ ನನ್ನನ್ನೇ ನೋಡುತ್ತಿದ್ದಳು, ಎಲ್ಲ ಸರಿಮಾಡಿಬಿಡುತ್ತಾಳೆ ಅಕ್ಕ ಅನ್ನುವ ನಂಬಿಕೆಯಿಂದ. ಹಾಳು ನಂಬಿಕೆ.

"ನನ್ನದೇ," ಅಂದೆ.

"ಏನಂದ್ರಿ?"

"ಹೆಸರು ನನ್ನದು. ಸೀರೆ ಉಟ್ಟಿದ್ದು ನಾನೇ. ಅವಳಿಗೆ ಗೊತ್ತಿಲ್ಲ. ಇಷ್ಟು ಹೊತ್ತು ಹೇಳೋಕೆ ಧೈರ್ಯ ಬರಲಿಲ್ಲ."

"ಅಕ್ಕಾ!" ಅಂದಳು ಮಂಗಳ.

"ನೀನು ಬಾಯಿ ಮುಚ್ಚು."

ಕೊಟ್ರಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚೀಟಿ ತಿರುಗಿಸಿ ಅವರ ಮುಂದೆ ಹಿಡಿದೆ, ಕೈಗೆ ಕೊಡಲಿಲ್ಲ. ಓದಿದರು.

"ಆ ಗಂಡಸು ಯಾರು?"

"ಅದು ನನ್ನ ವಿಷಯ. ನನಗೆ ಕೇಳೋಕೆ ಅಪ್ಪ ಇಲ್ಲ."

ಕೊಟ್ರಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಮಗಳ ಹತ್ತಿರ ಹೋಗಿ, ಅವಳ ಮುಖ ನೋಡದೆ, "ಟ್ರಂಕು ನಾನೇ ಮ್ಯಾಲಿಡ್ತೀನಿ. ಭಾರ ಐತಿ" ಅಂದರು. ಮಂಗಳ ಬಿಕ್ಕಿ ಬಿಕ್ಕಿ ಅತ್ತಳು. ಇಬ್ಬರೂ ಹೊರಗೆ ಹೋದರು. ಚನ್ನಬಸವಯ್ಯನವರು ನನಗೆ ಕೈ ಮುಗಿದು, ಈ ಸಲ ಮುಖ ನೋಡಿಯೇ ಮುಗಿದು, ಅವರ ಹಿಂದೆಯೇ ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ವಾರ್ಡನ್ ಈಗ ಕೂಗಾಡುತ್ತಾರೆ ಅಂತ ಕಾದೆ. ಸಹಾಯಕ ವಾರ್ಡನ್ ಹುಡುಗಿಯ ಸೀರೆ ಉಟ್ಟು ಗಂಡಸಿನ ಸ್ಕೂಟರಿನಲ್ಲಿ ತಿರುಗಿದಳು ಅಂದರೆ ಯಾವ ವಾರ್ಡನ್ ಸುಮ್ಮನಿರುತ್ತಾರೆ? ತಲೆಬಾಚಣಿಗೆ ಕಳೆದರೆ ಅರ್ಧ ಗಂಟೆ ಬಯ್ಯುವವರು ಇವರು.

ಕಮಲಾದೇವಿಯವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಒಂದು ವಾರದಿಂದ ಹಿಡಿದಿಟ್ಟ ಉಸಿರು ಅದು.

"ಮುಗೀತಲ್ಲ," ಅಂದರು ಮೆಲ್ಲಗೆ. "ಶನಿವಾರದೊಳಗೆ ರೂಮು ಖಾಲಿ ಮಾಡು. ಕಮಿಟಿಗೆ ನಾನೇ ಏನಾದ್ರೂ ಹೇಳ್ತೀನಿ, ನಿನ್ನ ಹೆಸರು ಕೆಡಿಸಲ್ಲ." ಆಮೇಲೆ ಮೇಜಿನ ಮೇಲಿಂದ ಕೈ ಚಾಚಿದರು. "ಆ ಚೀಟಿ ಇತ್ಲಾಗೆ ಕೊಡು."

ಚಾಚಿದ ಕೈಯ ಪಕ್ಕದಲ್ಲಿ ಕೊಟ್ರಪ್ಪನವರ ವಿಸಿಟರ್ ಚೀಟಿ ಬಿದ್ದಿತ್ತು. ಉದ್ದಕ್ಕೆ ನೆರಿಗೆ ನೆರಿಗೆಯಾಗಿ ಮಡಿಚಿತ್ತು, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ.

ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಕೈಯಲ್ಲಿದ್ದ ಚೀಟಿಯನ್ನು ಹಳೆಯ ನೆರಿಗೆಯಲ್ಲೇ ಮತ್ತೆ ಮಡಿಚಿ ಸೆರಗಿನ ತುದಿಗಿಟ್ಟು ಗಂಟು ಹಾಕಿದೆ.

"ಕೊಡಲ್ಲ ಮೇಡಂ," ಅಂದೆ. "ಇದರಲ್ಲಿರೋದು ನನ್ನ ಹೆಸರು."